ಹೆಸರು, ಬಣ್ಣ, ಊರು: ಮುಟ್ಟುವ ಮುಂಚೆ ನಮ್ಮನ್ನು ಕೇಳಿ

ಫುಟ್ಬಾಲ್ ಕ್ಲಬ್‌ಗಳ ಮಾಲೀಕರಿಗೆ, ಮತ್ತು ಅವರ ಅರ್ಜಿಗಳಿಗೆ ಒಪ್ಪಿಗೆ ಕೊಡುವ ಲೀಗ್, ಫೆಡರೇಶನ್‌ಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಒಂದು ಕ್ಲಬ್ಬಿನ ಹೆಸರು, ಜೆರ್ಸಿಯ ಬಣ್ಣ, ಲಾಂಛನ, ಅದು ಆಡುವ ಊರು. ಈ ನಾಲ್ಕರಲ್ಲಿ ಯಾವುದಕ್ಕೆ ಕೈ ಹಾಕಬೇಕಾದರೂ ಮೊದಲು ಅಭಿಮಾನಿಗಳ ಮತ ಕೇಳಬೇಕು, ಅವರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಇಷ್ಟನ್ನು ನಿಮ್ಮ ನಿಯಮಗಳಲ್ಲಿ ಬರೆದು ಹಾಕಿ ಅಂತ ಕೇಳುವುದಕ್ಕೆ ಈ ಪತ್ರ.

ಯಾವ ಆಟಗಾರನನ್ನು ಕೊಳ್ಳಬೇಕು, ಕೋಚ್ ಯಾರಾಗಬೇಕು, ಜೆರ್ಸಿಯ ಎದೆ ಮೇಲೆ ಯಾವ ಕಂಪನಿಯ ಹೆಸರಿರಬೇಕು, ಇದೆಲ್ಲ ನಿಮ್ಮ ಕೆಲಸ. ದುಡ್ಡು ಹಾಕಿದವರು ನೀವು. ತಪ್ಪು ಮಾಡಿದರೆ ನಾವು ಬೈಯುತ್ತೇವೆ, ಎರಡು ಮ್ಯಾಚ್ ಗೆದ್ದರೆ ಮರೆತೂ ಬಿಡುತ್ತೇವೆ. ಆದರೆ ಆ ನಾಲ್ಕು ವಿಷಯಗಳಲ್ಲಿ ಆದ ಗಾಯ ಬೇರೆ ಥರದ್ದು. ಯಾವುದೇ ಹಳೆ ಕ್ಲಬ್ಬಿನ ಅಭಿಮಾನಿಯನ್ನು ಕೇಳಿ ನೋಡಿ, ಹತ್ತು ವರ್ಷದ ಹಿಂದೆ ಸೋತ ಫೈನಲ್ ಬಗ್ಗೆ ನಗುತ್ತಾ ಮಾತಾಡುತ್ತಾನೆ, ಇಪ್ಪತ್ತು ವರ್ಷದ ಹಿಂದೆ ಬದಲಾದ ಹೆಸರಿನ ಬಗ್ಗೆ ಕೇಳಿದರೆ ಅವನ ದನಿಯೇ ಬೇರೆಯಾಗುತ್ತದೆ.

ನಾನು ಈ ಮಾತು ಹೇಳುವಾಗ ಮೊದಲು ನೆನಪಾಗುವುದು ವಿಂಬಲ್ಡನ್. ಟೆನಿಸ್ ಅಲ್ಲ, ಫುಟ್ಬಾಲ್ ಕ್ಲಬ್. ಇದರ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿದ್ದೂ ಅಲ್ಲಿಂದ ಏನೂ ಕಲಿತಿಲ್ಲ ಅನ್ನುವುದೇ ನನ್ನ ಬೇಸರ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1889ರಲ್ಲಿ ಲಂಡನ್ನಿನ ದಕ್ಷಿಣ ಭಾಗದಲ್ಲಿ ಹುಟ್ಟಿದ ಕ್ಲಬ್ ಅದು. ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಸಣ್ಣ ಲೀಗ್‌ಗಳಲ್ಲೇ ಆಡಿಕೊಂಡಿತ್ತು. 1977ರಲ್ಲಿ ಇಂಗ್ಲೆಂಡಿನ ವೃತ್ತಿಪರ ತಂಡಗಳ ಫುಟ್ಬಾಲ್ ಲೀಗ್‌ಗೆ ಬಂತು, ಒಂಬತ್ತೇ ವರ್ಷದಲ್ಲಿ, 1986ಕ್ಕೆ, ದೇಶದ ಮೊದಲ ಡಿವಿಷನ್‌ಗೆ ಹತ್ತಿತು. ಇನ್ನೆರಡು ವರ್ಷಕ್ಕೆ, ದೇಶದ ದೊಡ್ಡ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ 1988ರ ಫೈನಲ್‌ನಲ್ಲಿ, ಆಗಿನ ಚಾಂಪಿಯನ್ ಲಿವರ್‌ಪೂಲ್ ತಂಡವನ್ನು 1-0ಯಿಂದ ಸೋಲಿಸಿತು. ಲಾರಿ ಸಾಂಚೆಜ್ ತಲೆಯಿಂದ ಹೊಡೆದ ಗೋಲು, ಜಾನ್ ಆಲ್ಡ್ರಿಜ್ ಒದ್ದ ಪೆನಾಲ್ಟಿಯನ್ನು ಡೇವ್ ಬೆಸೆಂಟ್ ತಡೆದದ್ದು. ಎಫ್‌ಎ ಕಪ್ ಫೈನಲ್‌ನಲ್ಲಿ ಒಬ್ಬ ಗೋಲ್‌ಕೀಪರ್ ಪೆನಾಲ್ಟಿ ಹಿಡಿದದ್ದು ಅದೇ ಮೊದಲು.

ಇಂಥ ಕ್ಲಬ್ ಹದಿನಾಲ್ಕು ವರ್ಷದಲ್ಲಿ ತನ್ನ ಊರನ್ನೇ ಕಳೆದುಕೊಂಡಿತು. ಒಂದೇ ದಿನ ಆದದ್ದಲ್ಲ ಅದು. 1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಿನಲ್ಲಿ ಅಭಿಮಾನಿಗಳು ಸತ್ತ ದುರಂತದ ನಂತರ ದೊಡ್ಡ ಕ್ಲಬ್‌ಗಳ ಸ್ಟೇಡಿಯಂನಲ್ಲಿ ಎಲ್ಲರಿಗೂ ಕೂರುವ ಸೀಟು ಇರಲೇಬೇಕು ಅಂತ ನಿಯಮ ಬಂತು. ಒಳ್ಳೆಯ ನಿಯಮವೇ. ಆದರೆ ವಿಂಬಲ್ಡನ್‌ನ ಹಳೆ ಗ್ರೌಂಡ್ ಪ್ಲೌ ಲೇನ್ ಅದಕ್ಕೆ ಹೊಂದುವಂತಿರಲಿಲ್ಲ. 1991ರಲ್ಲಿ "ಸ್ವಲ್ಪ ದಿನಕ್ಕೆ" ಅಂತ ಹೇಳಿ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಬಾಡಿಗೆಗೆ ಹೋದರು. ಆ ಸ್ವಲ್ಪ ದಿನ ಹನ್ನೆರಡು ವರ್ಷವಾಯಿತು. ನಡುವೆ, 1998ರಲ್ಲಿ, ಪ್ಲೌ ಲೇನ್ ಜಾಗವನ್ನು ಒಂದು ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಿಬಿಟ್ಟರು. ಕೊನೆಗೆ ಅಲ್ಲಿ ಫ್ಲ್ಯಾಟ್‌ಗಳು ಎದ್ದವು. ಕ್ಲಬ್ಬನ್ನು ಐರ್ಲೆಂಡಿನ ಡಬ್ಲಿನ್‌ಗೆ ಒಯ್ಯುವ ಮಾತೂ ಒಂದಷ್ಟು ಕಾಲ ನಡೆಯಿತು. ಮನೆ ಇಲ್ಲದ ಕ್ಲಬ್ಬನ್ನು ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು ಅನ್ನುವ ಯೋಚನೆ ಮಾಲೀಕರಿಗೆ ಬಂದದ್ದೇ ಇಲ್ಲಿಂದ, ಅಲ್ವಾ? ಮೊದಲು ಮನೆ ಮಾರುವುದು, ಆಮೇಲೆ ಮನೆ ಇಲ್ಲ ಅಂತ ಊರು ಬಿಡುವುದು.

2001ರ ಆಗಸ್ಟ್‌ನಲ್ಲಿ ಸುದ್ದಿ ಬಂತು. ಕ್ಲಬ್ ಮಿಲ್ಟನ್ ಕೀನ್ಸ್‌ಗೆ ಹೋಗುತ್ತದೆ. ಸುಮಾರು 90 ಕಿಲೋಮೀಟರ್ ದೂರದ ಹೊಸ ಪಟ್ಟಣ. ಲೀಗ್ ಮೊದಲು ಆಗುವುದಿಲ್ಲ ಅಂದಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕ್ಲಬ್ ಮೇಲ್ಮನವಿ ಹಾಕಿತು, ವಿಷಯ ಕೈಯಿಂದ ಕೈಗೆ ದಾಟಿ ಕೊನೆಗೆ ಇಂಗ್ಲೆಂಡಿನ ಫುಟ್ಬಾಲ್ ಫೆಡರೇಶನ್ ಆದ ಎಫ್‌ಎ ನೇಮಿಸಿದ ಮೂರು ಜನರ ಸಮಿತಿಯ ಮುಂದೆ ಬಂತು. 2002ರ ಮೇ 28ರಂದು ಇಬ್ಬರು ಹೌದು ಅಂದರು, ಒಬ್ಬರು ಬೇಡ ಅಂದರು. 113 ವರ್ಷದ ಕ್ಲಬ್ಬನ್ನು ಅದರ ಊರಿನಿಂದ ಕಿತ್ತುಹಾಕುವುದಕ್ಕೆ ಬೇಕಾದದ್ದು ಎರಡು ಕೈ.

ಪದಾಧಿಕಾರಿಗಳೇ, ಇಲ್ಲಿ ಒಂದು ನಿಮಿಷ ನಿಲ್ಲಿ. ಅಭಿಮಾನಿಗಳು ಆಗ ಹೇಳುತ್ತಿದ್ದದ್ದು ಏನು? ಕ್ಲಬ್ ದಿವಾಳಿಯಾದರೂ ಪರವಾಗಿಲ್ಲ, ನಾವು ತೀರಾ ಕೆಳಗಿನಿಂದ ಮತ್ತೆ ಶುರು ಮಾಡುತ್ತೇವೆ, ನಮ್ಮ ಊರಲ್ಲೇ ಇರಲಿ. ಇದಕ್ಕೆ ಸಮಿತಿಯ ವರದಿ ಕೊಟ್ಟ ಉತ್ತರ, ಹಾಗೆ ಬೂದಿಯಿಂದ ಕ್ಲಬ್ಬನ್ನು ಮತ್ತೆ ಎಬ್ಬಿಸುವುದು ಫುಟ್ಬಾಲ್‌ನ ವಿಶಾಲ ಹಿತಕ್ಕೆ ಒಳ್ಳೆಯದಲ್ಲ ಅಂತ. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೇನೆ. ಪ್ರತಿ ಸಲವೂ ಎದೆ ಹಿಂಡಿದ ಹಾಗಾಗುತ್ತದೆ. ಫುಟ್ಬಾಲ್‌ನ ಹಿತ ಅಂದರೆ ಏನು, ಅದು ಯಾರ ಹಿತ ಅಂತ ತೀರ್ಮಾನ ಮಾಡುವಾಗ ಶನಿವಾರ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ನಿಲ್ಲುವವನ ಮಾತಿಗೆ ಒಂದು ವೋಟಿನ ಬೆಲೆಯೂ ಇರಲಿಲ್ಲ.

ಆಮೇಲೆ ಆದದ್ದು ನೋಡಿ. ತೀರ್ಪು ಬಂದ ಒಂದೇ ತಿಂಗಳಲ್ಲಿ, 2002ರ ಜೂನ್ 29ರಂದು, ವಿಂಬಲ್ಡನ್ ಕಾಮನ್ ಅನ್ನುವ ಊರಿನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಯಿತು. ಅಭಿಮಾನಿಗಳೇ ಕಟ್ಟಿದ ಎಎಫ್‌ಸಿ ವಿಂಬಲ್ಡನ್ ಅನ್ನುವ ಹೊಸ ಕ್ಲಬ್ಬಿಗೆ. ಯಾರು ಬೇಕಾದರೂ ಬರಬಹುದು ಅಂದಿದ್ದರು, 230 ಜನ ಬಂದರು. ಬೂಟು ಕೈಯಲ್ಲಿ ಹಿಡಿದು ಬಂದ 230 ಜನ. ಕ್ಲಬ್ಬಿಗೆ ಗ್ರೌಂಡ್ ಇಲ್ಲ, ಆಟಗಾರರಿಲ್ಲ, ಹೆಸರು ಇಟ್ಟು ತಿಂಗಳಾಗಿತ್ತು ಅಷ್ಟೇ. ಜುಲೈ 10ರಂದು ಸಟನ್ ಯುನೈಟೆಡ್ ಜೊತೆ ಮೊದಲ ಸ್ನೇಹ ಪಂದ್ಯ. 4-0ಯಿಂದ ಸೋತರು. ನೋಡಲು ಬಂದವರು 4,657 ಜನ! ಗೆಲ್ಲುತ್ತಾರೆ ಅಂತ ಬಂದವರಲ್ಲ ಅವರು. ತಮ್ಮ ಕ್ಲಬ್ ಇದೆ ಅಂತ ಕಣ್ಣಾರೆ ನೋಡಲು ಬಂದವರು.

ಅದೇ ಸೀಸನ್‌ನಲ್ಲಿ ಹಳೆ ಕ್ಲಬ್ ಇನ್ನೂ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲೇ ಇತ್ತು. ದೇಶದ ಎರಡನೇ ಹಂತದ ಲೀಗ್. 2002ರ ಅಕ್ಟೋಬರ್ 29ರಂದು ರಾದರಂ ಜೊತೆ ನಡೆದ ಪಂದ್ಯಕ್ಕೆ ಬಂದವರು 849. ಇಪ್ಪತ್ತಾರು ಸಾವಿರ ಹಿಡಿಸುವ ಸ್ಟೇಡಿಯಂನಲ್ಲಿ 849 ಜನ. ಎಷ್ಟೋ ಹಂತ ಕೆಳಗೆ, ಅರೆಕಾಲಿಕ ಆಟಗಾರರು ಆಡುವ ಲೀಗ್‌ನಲ್ಲಿದ್ದ ಎಎಫ್‌ಸಿ ವಿಂಬಲ್ಡನ್‌ಗೆ ಸರಾಸರಿ 3,000 ಜನ ಬರುತ್ತಿದ್ದರು. ಷೇರು ಪತ್ರ ಒಬ್ಬರ ಹತ್ತಿರ ಇತ್ತು, ಕ್ಲಬ್ ಇನ್ನೊಂದು ಕಡೆ ನಡೆದುಕೊಂಡು ಹೋಗಿತ್ತು. ಮಾಲೀಕರೇ, ನೀವು ದುಡ್ಡು ಕೊಟ್ಟು ಕೊಂಡದ್ದು ಏನು ಅನ್ನುವುದಕ್ಕೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಸಾಕು.

ಹೊಸ ಕ್ಲಬ್ ಒಂಬತ್ತು ವರ್ಷದಲ್ಲಿ ಐದು ಸಲ ಬಡ್ತಿ ಪಡೆದು 2011ರಲ್ಲಿ ಫುಟ್ಬಾಲ್ ಲೀಗ್‌ಗೆ ಬಂತು. ಲೂಟನ್ ಜೊತೆ ಪ್ಲೇಆಫ್ ಫೈನಲ್, ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತ ಡ್ಯಾನಿ ಕೆಡ್‌ವೆಲ್‌ನದು. ನಡುವೆ 78 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದ ಓಟವೂ ಇತ್ತು. 2020ರ ನವೆಂಬರ್ 3ರಂದು ಅವರು ಪ್ಲೌ ಲೇನ್‌ಗೆ ವಾಪಸ್ ಬಂದರು, ಹಳೆ ಗ್ರೌಂಡಿನಿಂದ ಕೂಗಳತೆ ದೂರದಲ್ಲಿ ಕಟ್ಟಿದ ಹೊಸ ಸ್ಟೇಡಿಯಂಗೆ. ಕಟ್ಟಲು ದುಡ್ಡು ಸಾಲದೇ ಹೋದಾಗ ಅಭಿಮಾನಿಗಳು ಬಾಂಡ್ ಕೊಂಡು 50 ಲಕ್ಷ ಪೌಂಡ್‌ಗೂ ಜಾಸ್ತಿ ಸೇರಿಸಿದ್ದರು. ಆದರೆ ಮೊದಲ ಪಂದ್ಯದ ದಿನ ಕೋವಿಡ್ ನಿರ್ಬಂಧ. ಗೇಟಿನೊಳಗೆ ಅಭಿಮಾನಿಗಳನ್ನು ಬಿಡುವ ಹಾಗಿರಲಿಲ್ಲ. 29 ವರ್ಷ ಕಾದವರು ಆ ಸಂಜೆಯನ್ನು ಮನೆಯಲ್ಲಿ ಕೂತು ಪರದೆಯ ಮೇಲೆ ನೋಡಬೇಕಾಯಿತು. ಪಂದ್ಯ 2-2 ಡ್ರಾ ಆಯಿತು.

ಇದನ್ನು ಓದಿ ನಿಮಗೆ "ಎಲ್ಲಾ ಸರಿ ಹೋಯಿತಲ್ಲ" ಅನ್ನಿಸಬಹುದು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆ 29 ವರ್ಷದಲ್ಲಿ ತೀರಿಕೊಂಡವರಿದ್ದಾರೆ. ಮಗನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದ ಅಪ್ಪಂದಿರಿದ್ದಾರೆ. ಮಗ ದೊಡ್ಡವನಾಗುವ ಹೊತ್ತಿಗೆ ಊರಲ್ಲಿ ಗ್ರೌಂಡೇ ಇರಲಿಲ್ಲ. ಇದನ್ನೆಲ್ಲ ವಾಪಸ್ ಕೊಡುವ ಸಮಿತಿ ಯಾವುದೂ ಇಲ್ಲ.

ಇನ್ನೊಂದು ಮಾತು, ಇದು ನನ್ನ ಥರದ ಅಭಿಮಾನಿಗಳಿಗೂ ಸೇರಿ. ಮಿಲ್ಟನ್ ಕೀನ್ಸ್‌ಗೆ ಹೋದ ಕ್ಲಬ್ 2004ರಲ್ಲಿ ಎಂಕೆ ಡಾನ್ಸ್ ಆಯಿತು. ಆ ಊರಿನ ಮಕ್ಕಳು ಅದನ್ನೇ ನೋಡುತ್ತಾ ಬೆಳೆದರು. 2014ರಲ್ಲಿ ಅದು ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 4-0ಯಿಂದ ಸೋಲಿಸಿದ ರಾತ್ರಿ ಸ್ಟ್ಯಾಂಡಿನಲ್ಲಿ ಕುಣಿದ ಹತ್ತು ವರ್ಷದ ಹುಡುಗ ಯಾರಿಂದಲೂ ಏನನ್ನೂ ಕದ್ದವನಲ್ಲ. ಅವನಿಗೆ ಅದು ತನ್ನೂರ ಕ್ಲಬ್. ಆದರೂ ಅವನ ಕ್ಲಬ್ ಎಲ್ಲಿಗೆ ಹೋದರೂ ಹಳೆ ಬೈಗುಳ ಕೇಳಬೇಕು. ನೀವು ಒಂದು ಊರಿನಿಂದ ಕಿತ್ತು ಇನ್ನೊಂದು ಊರಿಗೆ ಕೊಟ್ಟಾಗ, ಪಡೆದ ಊರಿಗೂ ನೆಮ್ಮದಿ ಸಿಗುವುದಿಲ್ಲ. 2007ರಲ್ಲಿ ಎಂಕೆ ಡಾನ್ಸ್ ಆ ಎಫ್‌ಎ ಕಪ್‌ನ ಪ್ರತಿಕೃತಿಯನ್ನೂ ಉಳಿದ ನೆನಪಿನ ವಸ್ತುಗಳನ್ನೂ ವಿಂಬಲ್ಡನ್ ಇರುವ ಮರ್ಟನ್ ಪ್ರದೇಶದ ಆಡಳಿತಕ್ಕೆ ಒಪ್ಪಿಸಿತು. ಒಳ್ಳೆಯ ಕೆಲಸ ಅದು, ಮೆಚ್ಚುತ್ತೇನೆ. ಇತಿಹಾಸ ಊರಿನದು ಅಂತ ಅವರೇ ಒಪ್ಪಿಕೊಂಡರಲ್ಲ, ಅದನ್ನು ಐದು ವರ್ಷ ಮುಂಚೆ ಒಪ್ಪಿಕೊಂಡಿದ್ದರೆ?

ನಿಮ್ಮ ಕಡೆಯವರು ಇಲ್ಲಿ ಆರ್ಸೆನಲ್ ಹೆಸರು ಹೇಳುತ್ತಾರೆ. 1913ರಲ್ಲಿ ಅದು ಥೇಮ್ಸ್ ನದಿಯ ದಕ್ಷಿಣದ ಪ್ಲಮ್‌ಸ್ಟೆಡ್‌ನಿಂದ ಉತ್ತರದ ಹೈಬರಿಗೆ ಹೋಯಿತು, ಇವತ್ತು ಯಾರಾದರೂ ಅಳುತ್ತಾರಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಗಲೂ ವಿರೋಧ ಬಂದಿತ್ತು. ಹಳೆ ಊರಿನವರೂ ಬೇಡ ಅಂದರು, ಹೊಸ ಜಾಗದ ಪಕ್ಕದಲ್ಲಿದ್ದ ಟಾಟನ್‌ಹ್ಯಾಮ್‌ನವರೂ ಬೇಡ ಅಂದರು, ಆ ಎರಡು ಕ್ಲಬ್‌ಗಳ ಜಗಳ ಇವತ್ತಿಗೂ ಆರಿಲ್ಲ. ನೂರು ವರ್ಷ ಕಳೆದರೆ ಅತ್ತವರು ಯಾರೂ ಉಳಿದಿರುವುದಿಲ್ಲ, ಅಷ್ಟೇ. ಅತ್ತವರು ಸತ್ತುಹೋದರು ಅನ್ನುವುದು ಮಾಡಿದ್ದು ಸರಿ ಅನ್ನುವುದಕ್ಕೆ ಸಾಕ್ಷಿ ಆಗುತ್ತದಾ? ನನಗೆ ಹಾಗನ್ನಿಸುವುದಿಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಬಣ್ಣದಲ್ಲೇನಿದೆ ಅನ್ನುವವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕತೆ ಕೇಳಬೇಕು. 1933ರಲ್ಲಿ ಹುಟ್ಟಿದ ಕ್ಲಬ್, ನೇರಳೆ ಮತ್ತು ಬಿಳಿ ಬಣ್ಣ, 1994ರಲ್ಲಿ ಯುರೋಪಿನ ಕ್ಲಬ್‌ಗಳ ಯುಎಫಾ ಕಪ್ ಫೈನಲ್ ಆಡಿದ ತಂಡ. 2005ರಲ್ಲಿ ರೆಡ್ ಬುಲ್ ಕಂಪನಿ ಅದನ್ನು ಕೊಂಡುಕೊಂಡಿತು. ಹೆಸರು ಬದಲು, ಲಾಂಛನ ಬದಲು, ಬಣ್ಣ ಬದಲು. ಹುಟ್ಟಿದ ವರ್ಷವನ್ನೂ 2005 ಅಂತ ಮಾಡಲು ಹೊರಟಿದ್ದರು, ಫೆಡರೇಶನ್ ಅಡ್ಡ ಬಂದು 1933 ಉಳಿಸಿತು. ನೇರಳೆ ಬಣ್ಣ ಉಳಿಸಿಕೊಡಿ ಅಂತ ಅಭಿಮಾನಿಗಳು ತಿಂಗಳುಗಟ್ಟಲೆ ಮಾತುಕತೆಗೆ ಹೋದರು. ಕೊನೆಗೆ ಅವರ ಮುಂದೆ ಇಟ್ಟದ್ದು ಏನು ಗೊತ್ತಾ? ಬೇರೆ ಊರಿನಲ್ಲಿ ಆಡುವಾಗ ಗೋಲ್‌ಕೀಪರ್ ಸಾಕ್ಸ್ ನೇರಳೆ ಇರಬಹುದು ಅಂತ. ಒಂದು ಜೊತೆ ಸಾಕ್ಸ್.

ಆ ಸಾಕ್ಸ್ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಮಾತುಕತೆಯ ಮೇಜಿನ ಆ ಕಡೆ ಕೂತವರಿಗೆ ಅದು ನಿಜಕ್ಕೂ ದೊಡ್ಡ ಮನಸ್ಸಿನ ಕೊಡುಗೆ ಅಂತಲೇ ಅನ್ನಿಸಿರಬೇಕು. ಕೆಟ್ಟವರಲ್ಲ ಅವರು. ಬಣ್ಣವನ್ನು ಅವರು ನೋಡುತ್ತಿದ್ದ ರೀತಿ ಬೇರೆ, ಅಷ್ಟೇ: ಇಷ್ಟು ಪಾಲು ನಮಗೆ, ಇಷ್ಟು ಪಾಲು ನಿಮಗೆ, ಎಲ್ಲಿ ಕೂಡಿಬರುತ್ತದೋ ಅಲ್ಲಿ ಒಪ್ಪಂದ. ಆದರೆ ಅಭಿಮಾನಿಗೆ ಬಣ್ಣ ಅಂದರೆ ದೂರದಿಂದ ತನ್ನವರನ್ನು ಗುರುತು ಹಿಡಿಯುವ ದಾರಿ. ಸ್ಟೇಡಿಯಂ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಹುಲ್ಲಿನ ಹಸಿರು, ಆಮೇಲೆ ಆ ಬಣ್ಣ. ಆಟಗಾರನ ಮುಖ ಕಾಣುವುದು ಅದಾದ ಮೇಲೆ. ಅದನ್ನು ಪಾಲು ಮಾಡುವುದಕ್ಕೆ ಆಗುವುದಿಲ್ಲ. ಸಾಲ್ಜ್‌ಬರ್ಗ್‌ನ ಅಭಿಮಾನಿಗಳು ಹಳೆ ಹೆಸರು, ಹಳೆ ಬಣ್ಣದಲ್ಲಿ ಕ್ಲಬ್ಬನ್ನು ಮತ್ತೆ ಕಟ್ಟಿ ಏಳನೇ ಹಂತದಿಂದ ಆಡಲು ಶುರು ಮಾಡಿದರು.

ರೆಡ್ ಬುಲ್ ತಂಡ ಗೆದ್ದಿತು, ಅದನ್ನು ಮುಚ್ಚಿಡುವುದಿಲ್ಲ. 2014ರಿಂದ 2023ರವರೆಗೆ ಸತತ ಹತ್ತು ವರ್ಷ ಆಸ್ಟ್ರಿಯಾದ ಚಾಂಪಿಯನ್. ನಿಮ್ಮ ದೊಡ್ಡ ವಾದವೇ ಇದು: ಗೆಲ್ಲಿಸಿಕೊಡುತ್ತೇವೆ, ಇನ್ನೇನು ಬೇಕು? ಇದಕ್ಕೆ ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ ಉತ್ತರ ಹೇಳಲಿ. ನೂರು ವರ್ಷಕ್ಕೂ ಜಾಸ್ತಿ ನೀಲಿ ತೊಟ್ಟ ಕ್ಲಬ್, ಅಡ್ಡಹೆಸರೇ ನೀಲಿಹಕ್ಕಿಗಳು. 2012ರಲ್ಲಿ ಮಾಲೀಕ ವಿನ್ಸೆಂಟ್ ಟಾನ್ ಜೆರ್ಸಿಯನ್ನು ಕೆಂಪು ಮಾಡಿದರು, ಲಾಂಛನದಲ್ಲಿ ಹಕ್ಕಿ ಸಣ್ಣದಾಗಿ ಕೆಳಗೆ ಹೋಯಿತು, ಡ್ರ್ಯಾಗನ್ ದೊಡ್ಡದಾಗಿ ಕೂತಿತು. ಅದೇ ಸೀಸನ್‌ನಲ್ಲಿ ಎರಡನೇ ಹಂತದ ಲೀಗ್ ಗೆದ್ದು ಮೊದಲ ಸಲ ಪ್ರೀಮಿಯರ್ ಲೀಗ್‌ಗೆ ಹೋದರು. ದಶಕಗಟ್ಟಲೆ ಕಂಡ ಕನಸು. ಅದು ನನಸಾದ ದಿನ ಮೈಮೇಲೆ ಇದ್ದದ್ದು ಬೇರೆ ಯಾರದೋ ಬಣ್ಣ. ಅಭಿಮಾನಿಗಳಲ್ಲೇ ಎರಡು ಗುಂಪಾಯಿತು. ದುಡ್ಡು ಬರುವುದಾದರೆ ಕೆಂಪೇ ಇರಲಿ ಅಂದವರಿದ್ದರು, ಅವರನ್ನು ನಾನು ತಪ್ಪು ಅನ್ನಲಾರೆ, ತಮ್ಮ ಕ್ಲಬ್ ಮೇಲೆ ಹೋಗಲಿ ಅಂತ ಆಸೆ ಪಡುವುದು ತಪ್ಪಾ? ಹಳೆ ನೀಲಿ ಜೆರ್ಸಿಯನ್ನೇ ಹಾಕಿಕೊಂಡು ಬಂದವರೂ ಇದ್ದರು. ಒಂದೇ ಸ್ಟ್ಯಾಂಡಿನಲ್ಲಿ, ವರ್ಷಗಟ್ಟಲೆ ಪಕ್ಕಪಕ್ಕ ಕೂತವರು, ಎರಡು ಬಣ್ಣದಲ್ಲಿ. ಮರುವರ್ಷವೇ ತಂಡ ಕೆಳಗಿಳಿಯಿತು. 2015ರ ಜನವರಿಯಲ್ಲಿ ಟಾನ್ ಮತ್ತೆ ನೀಲಿಗೆ ಒಪ್ಪಿದರು. ಒಪ್ಪಿದ್ದಕ್ಕೆ ಅವರಿಗೆ ಧನ್ಯವಾದ ಹೇಳುತ್ತೇನೆ, ಮನಸ್ಸಿನಿಂದಲೇ. ಹಿಂದೆ ಸರಿಯುವುದು ಮಾಲೀಕನಿಗೆ ಸುಲಭವಲ್ಲ. ಆದರೆ ಆ ಎರಡೂವರೆ ವರ್ಷದ ಜಗಳ ಒಂದು ಮತದಾನ ಮಾಡಿದ್ದರೆ ಬೇಕಾಗುತ್ತಿರಲಿಲ್ಲ.

ಫೆಡರೇಶನ್ ಗಟ್ಟಿಯಾಗಿ ನಿಂತ ಉದಾಹರಣೆಯೂ ಇದೆ. ಹಲ್ ಸಿಟಿ ಕ್ಲಬ್ಬಿನ ಮಾಲೀಕರು ಹೆಸರನ್ನು ಹಲ್ ಟೈಗರ್ಸ್ ಅಂತ ಬದಲಿಸಲು ಅರ್ಜಿ ಹಾಕಿದರು. 2014ರಲ್ಲಿ ಎಫ್‌ಎ ತಿರಸ್ಕರಿಸಿತು, 2015ರಲ್ಲಿ ಇನ್ನೊಮ್ಮೆ ಕೇಳಿದಾಗಲೂ ಅದೇ ಉತ್ತರ. 1904ರಿಂದ ಇದ್ದ ಹೆಸರು ಇವತ್ತಿಗೂ ಇದೆ. ಬೇಡ ಅನ್ನುವ ಅಧಿಕಾರ ನಿಮ್ಮ ಕೈಯಲ್ಲಿದೆ ಅಂತ ತೋರಿಸಲು ಇದನ್ನು ಹೇಳಿದೆ.

ನಮ್ಮ ದೇಶದ್ದೂ ಒಂದು ಹೇಳಬೇಕು. ಕೋಲ್ಕತ್ತಾದ ಮೋಹನ್ ಬಗಾನ್ ಹುಟ್ಟಿದ್ದೂ 1889ರಲ್ಲೇ, ವಿಂಬಲ್ಡನ್ ಹುಟ್ಟಿದ ವರ್ಷವೇ. 1911ರ ಜುಲೈ 29ರಂದು ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ತಂಡ. ಹನ್ನೊಂದರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದ್ದರು. ಅಂಥ ಹೆಸರಿನ ಮುಂದೆ 2020ರಲ್ಲಿ ಮೂರು ಅಕ್ಷರ ಬಂದು ಕೂತವು: ಎಟಿಕೆ ಮೋಹನ್ ಬಗಾನ್. ಎಟಿಕೆ ಅನ್ನುವುದು 2014ರಲ್ಲಿ ಹುಟ್ಟಿದ ತಂಡ. ಅದನ್ನು ನಡೆಸುತ್ತಿದ್ದ ಕಂಪನಿ ಮೋಹನ್ ಬಗಾನ್‌ನ ಫುಟ್ಬಾಲ್ ವಿಭಾಗದ 80 ಶೇಕಡಾ ಪಾಲು ಕೊಂಡಿತ್ತು. ಹಸಿರು-ಮರೂನ್ ಬಣ್ಣವನ್ನು ಉಳಿಸಿಕೊಂಡರು, ಲಾಂಛನದ ದೋಣಿಯನ್ನೂ ಉಳಿಸಿಕೊಂಡರು. ಅದನ್ನು ಒಪ್ಪುತ್ತೇನೆ. ದುಡ್ಡಿಲ್ಲದೆ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ನಲ್ಲಿ ಆಡುವುದು ಆಗುವ ಮಾತಾಗಿರಲಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಅಭಿಮಾನಿಗಳು ಮೂರು ವರ್ಷ ಒಂದೇ ಮಾತು ಹೇಳಿದರು, ಆ ಮೂರು ಅಕ್ಷರ ತೆಗೆಯಿರಿ. ಬ್ಯಾನರ್ ಹಿಡಿದರು, ಮೆರವಣಿಗೆ ಮಾಡಿದರು, ತಮ್ಮದೇ ತಂಡದ ಮ್ಯಾಚಿಗೆ ಹೋಗುವುದಿಲ್ಲ ಅಂದರು. 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಬೆಂಗಳೂರು ಎಫ್‌ಸಿ ವಿರುದ್ಧ ಐಎಸ್‌ಎಲ್ ಫೈನಲ್. ನಮ್ಮಲ್ಲಿ ಬಹಳ ಜನಕ್ಕೆ ಆ ರಾತ್ರಿ ಇನ್ನೂ ನೆನಪಿದೆ, 2-2 ಆಗಿ ಪೆನಾಲ್ಟಿಯಲ್ಲಿ 4-3ಕ್ಕೆ ಬಗಾನ್ ಪಾಲಾಯಿತು. ಕಪ್ ಗೆದ್ದ ಅದೇ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ ಹೆಸರು ಬದಲಾಗುತ್ತದೆ ಅಂತ ಘೋಷಿಸಿದರು. ಎಟಿಕೆ ಹೋಯಿತು, ಹೆಸರಿನ ಕೊನೆಗೆ ಸೂಪರ್ ಜೈಂಟ್ ಬಂತು.

ಹೆಸರು ವಾಪಸ್ ಬಂದದ್ದಕ್ಕೆ ಅಭಿಮಾನಿಗಳು ಕುಣಿದರು. ಸರಿ. ಆದರೆ ಕೊಡುವುದೂ ತೆಗೆಯುವುದೂ, ಹಿಂದೆ ಇನ್ನೊಂದು ಅಂಟಿಸುವುದೂ ಒಬ್ಬರ ಮನಸ್ಸಿಗೆ ಬಂದ ಹಾಗೆ. ನನಗೆ ಚುಚ್ಚುವುದು ಅದೇ. ಇವತ್ತು ಖುಷಿಯಲ್ಲಿ ಕೊಟ್ಟವರು ನಾಳೆ ಇನ್ನೊಬ್ಬರಿಗೆ ಮಾರಿದರೆ? ಇನ್ನೊಂದು ಕಡೆ ಡೆಲ್ಲಿ ಡೈನಮೋಸ್ ತಂಡವನ್ನು 2019ರಲ್ಲಿ ಹಾಗೇ ಎತ್ತಿ ಭುವನೇಶ್ವರಕ್ಕೆ ಒಯ್ದು ಒಡಿಶಾ ಎಫ್‌ಸಿ ಮಾಡಿದರು. ಐದು ಸೀಸನ್ ಆ ತಂಡಕ್ಕೆ ಕೂಗಿದವರಿಗೆ ಒಂದು ಮಾತು ಕೇಳುವುದು ಅಷ್ಟು ಕಷ್ಟವಿತ್ತಾ?

ಉಳಿದದ್ದು ನಿಮ್ಮ ಕೊನೆಯ ವಾದ. ಬದಲಿಸದಿದ್ದರೆ ಕ್ಲಬ್ ಸತ್ತೇ ಹೋಗುತ್ತದೆ ಅನ್ನುವುದು. ಕೆಲವು ಸಲ ಇದು ನಿಜ. ಮ್ಯಾಂಚೆಸ್ಟರ್ ಯುನೈಟೆಡ್ ಮೊದಲು ನ್ಯೂಟನ್ ಹೀತ್ ಆಗಿತ್ತು, ದಿವಾಳಿ ಅಂಚಿಗೆ ಬಂದಾಗ 1902ರಲ್ಲಿ ಹೊಸ ದುಡ್ಡು ಬಂತು, ಹೊಸ ಹೆಸರು ಬಂತು, ಆಮೇಲೆ ಕೆಂಪು ಬಂತು. ಆವತ್ತು ಬದಲಾಗದಿದ್ದರೆ ಆ ಕ್ಲಬ್ ಇವತ್ತು ಇರುತ್ತಿರಲಿಲ್ಲ. ಅದಕ್ಕೇ ನಾನು ಯಾವತ್ತೂ ಬದಲಿಸಬೇಡಿ ಅಂತ ಹೇಳುತ್ತಿಲ್ಲ. ಕೇಳಿ ಅಂತ ಹೇಳುತ್ತಿದ್ದೇನೆ. ಲೆಕ್ಕಪತ್ರ ಮೇಜಿನ ಮೇಲೆ ಇಟ್ಟು, ಇಷ್ಟು ಸಾಲ ಇದೆ, ಇಷ್ಟು ತಿಂಗಳು ಸಂಬಳ ಕೊಡಬಹುದು, ದಾರಿ ಇದೊಂದೇ ಅಂತ ತೋರಿಸಿ. ಅಭಿಮಾನಿಗಳು ದಡ್ಡರಲ್ಲ. ಕ್ಲಬ್ ಉಳಿಯಲಿ ಅಂತ ಅವರಿಗಿಂತ ಜಾಸ್ತಿ ಬಯಸುವವರು ಯಾರಿದ್ದಾರೆ? (ಆ ನ್ಯೂಟನ್ ಹೀತ್‌ನ ಹಸಿರು ಮತ್ತು ಚಿನ್ನದ ಬಣ್ಣವನ್ನು 2010ರಲ್ಲಿ ಅಭಿಮಾನಿಗಳು ಶಾಲು ಮಾಡಿ ಹೊದ್ದುಕೊಂಡರು, ಕ್ಲಬ್ಬನ್ನು ಸಾಲದಲ್ಲಿ ಕೊಂಡು ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದ ಮಾಲೀಕರ ವಿರುದ್ಧ. ನೂರು ವರ್ಷದ ಹಿಂದೆ ಬಿಟ್ಟ ಬಣ್ಣ ಮನೆಯ ಪೆಟ್ಟಿಗೆಯಿಂದ ಎದ್ದು ಬಂದ ಹಾಗೆ.)

ಆದರೆ ಕೇಳದೆ ಮಾಡಿದರೆ ಏನಾಗುತ್ತದೆ ಅಂತ 2021ರ ಏಪ್ರಿಲ್‌ನಲ್ಲಿ ನೀವೇ ನೋಡಿದಿರಿ. ಭಾನುವಾರ ರಾತ್ರಿ ಯುರೋಪಿನ ಹನ್ನೆರಡು ದೊಡ್ಡ ಕ್ಲಬ್‌ಗಳು ತಮ್ಮದೇ ಬೇರೆ ಸೂಪರ್ ಲೀಗ್ ಘೋಷಿಸಿದವು. ಮಂಗಳವಾರ ಸಂಜೆ ಚೆಲ್ಸಿ ಅಭಿಮಾನಿಗಳು ಸ್ಟೇಡಿಯಂ ಮುಂದಿನ ರಸ್ತೆ ತುಂಬಿದರು, ತಂಡದ ಬಸ್ಸಿಗೇ ದಾರಿ ಇಲ್ಲ, ಅವರ ಹಳೆ ಗೋಲ್‌ಕೀಪರ್ ಪೀಟರ್ ಚೆಕ್ ಕೆಳಗೆ ಬಂದು ಸಮಾಧಾನ ಮಾಡಬೇಕಾಯಿತು. ಅದೇ ರಾತ್ರಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಆ ಹನ್ನೆರಡರಲ್ಲಿ ಜರ್ಮನಿಯ ಒಂದು ಕ್ಲಬ್ಬೂ ಇರಲಿಲ್ಲ ಅನ್ನುವುದನ್ನು ಗಮನಿಸಿ. ಅಲ್ಲಿ 50+1 ನಿಯಮ ಇದೆ, ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರ ಕೈಯಲ್ಲೇ ಇರಬೇಕು. ಮಾಲೀಕ ರಾತ್ರೋರಾತ್ರಿ ಸಹಿ ಹಾಕುವ ಹಾಗಿಲ್ಲ.

ಇಂಗ್ಲೆಂಡಿನಲ್ಲೂ 2025ರಲ್ಲಿ ಕಾನೂನೇ ಬಂತು. ಲಾಂಛನ ಅಥವಾ ಜೆರ್ಸಿಯ ಮುಖ್ಯ ಬಣ್ಣ ಬದಲಿಸುವ ಮುಂಚೆ ಹೆಚ್ಚಿನ ಅಭಿಮಾನಿಗಳ ಬೆಂಬಲ ಇದೆ ಅಂತ ಕ್ಲಬ್ ಖಚಿತ ಮಾಡಿಕೊಳ್ಳಬೇಕು, ಹೆಸರಿಗೆ ಎಫ್‌ಎ ಒಪ್ಪಿಗೆ ಬೇಕು, ಸ್ಟೇಡಿಯಂ ಮಾರಲು ಹೊಸ ನಿಯಂತ್ರಕರ ಅನುಮತಿ ಬೇಕು. ವಿಂಬಲ್ಡನ್ ತೀರ್ಪಿನಿಂದ 23 ವರ್ಷ ಹಿಡಿಯಿತು. ಬೇರೆ ದೇಶಗಳ ಫೆಡರೇಶನ್‌ಗಳು ಇನ್ನೊಂದು ವಿಂಬಲ್ಡನ್ ಆಗುವವರೆಗೆ ಕಾಯಬೇಕಾಗಿಲ್ಲ.

ನಿಯಮ ಬರೆಯುವಾಗ ಕೆಲವು ಕಡೆ ಹುಷಾರಾಗಿರಿ. ಅಭಿಮಾನಿ ಅಂದರೆ ಯಾರು ಅನ್ನುವುದನ್ನು ಮೊದಲೇ ಬರೆದಿಡಿ: ಸೀಸನ್ ಟಿಕೆಟ್ ಇರುವವರು, ಸದಸ್ಯತ್ವ ಪಡೆದವರು, ಇಂತಿಷ್ಟು ವರ್ಷದಿಂದ. ಸದಸ್ಯರಾಗುವ ಶುಲ್ಕವನ್ನು ಕೈಗೆಟುಕದ ಹಾಗೆ ಇಡುವಂತಿಲ್ಲ ಅಂತಲೂ ಬರೆಯಿರಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2009ರಲ್ಲಿ ಶುರುವಾದ ಕ್ಲಬ್ 50+1 ನಿಯಮವನ್ನು ಅಕ್ಷರದಲ್ಲಿ ಪಾಲಿಸಿತು, ಆದರೆ ಮತ ಹಾಕುವ ಸದಸ್ಯರು ಬೆರಳೆಣಿಕೆಯಷ್ಟು ಮಾತ್ರ, ಅವರೂ ಕ್ಲಬ್ ಶುರು ಮಾಡಿದ ರೆಡ್ ಬುಲ್ ಕಂಪನಿಗೆ ಹತ್ತಿರದವರು. ಇಂಥ ಕಿಂಡಿ ಬಿಡಬೇಡಿ. ಮತ ಗುಟ್ಟಾಗಿರಲಿ, ಕ್ಲಬ್ಬಿನ ಕಚೇರಿ ಬಿಟ್ಟು ಬೇರೆಯವರು ಎಣಿಸಲಿ. ಘೋಷಣೆಗೂ ಮತಕ್ಕೂ ನಡುವೆ ಆರು ತಿಂಗಳಾದರೂ ಇರಲಿ, ಯಾಕೆಂದರೆ ಗೆದ್ದ ವಾರದಲ್ಲಿ ಕೇಳಿದರೆ ಎಲ್ಲದಕ್ಕೂ ಹೂಂ ಅಂತೇವೆ, ಸೋತ ವಾರದಲ್ಲಿ ಎಲ್ಲದಕ್ಕೂ ಬೇಡ ಅಂತೇವೆ. ಮತಕ್ಕೆ ಮುಂಚೆ "ಬೇಡ ಅಂದರೆ ಹೂಡಿಕೆ ವಾಪಸ್" ಅಂತ ಹೆದರಿಸುವುದು ನಿಯಮ ಮುರಿದ ಹಾಗೆ ಅಂತ ಪರಿಗಣಿಸಿ. ಗ್ರೌಂಡ್ ಮಾರುವುದನ್ನೂ ಇದರಲ್ಲೇ ಸೇರಿಸಿ, ತಪ್ಪದೆ ಸೇರಿಸಿ. ವಿಂಬಲ್ಡನ್ ಊರು ಬಿಟ್ಟದ್ದು 2003ರಲ್ಲಿ, ಆದರೆ ಆ ಬಾಗಿಲು ತೆರೆದದ್ದು 1998ರಲ್ಲಿ ಜಾಗ ಮಾರಿದಾಗಲೇ.

ಹೊಸ ಮಾಲೀಕರು ಬರುವಾಗ ಈ ನಿಯಮ ಓದಿಕೊಂಡೇ ಬರಲಿ. ಓದಿ ಬೇಡ ಅನ್ನಿಸಿದರೆ ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಓದಿಯೂ ಬಂದವರ ಜೊತೆ ನಾವು ಇರುತ್ತೇವೆ, ತಂಡ ಏಳನೇ ಹಂತಕ್ಕೆ ಇಳಿದರೂ ಇರುತ್ತೇವೆ. 4-0 ಸೋತ ಸಟನ್ ಮ್ಯಾಚಿಗೆ ಬಂದ 4,657 ಜನ ಇದ್ದರಲ್ಲ, ಹಾಗೆ.

ಮುಂದಿನ ಸೀಸನ್‌ಗೆ ಮುಂಚೆ ನಿಮ್ಮ ವಾರ್ಷಿಕ ಸಭೆ ನಡೆಯುತ್ತದೆ. ಅಲ್ಲಿ ಚರ್ಚೆಗೆ ಬರುವ ವಿಷಯಗಳ ಪಟ್ಟಿಯಲ್ಲಿ ಇದನ್ನೊಂದು ಸೇರಿಸಿ. ಸೇರಿಸುವುದಿಲ್ಲ ಅಂತಾದರೆ ಯಾಕೆ ಅಂತ ಅಭಿಮಾನಿಗಳ ಎದುರಿಗೇ ಹೇಳಿ, ನಾವು ಕೇಳಿಸಿಕೊಳ್ಳುತ್ತೇವೆ.

ಇಂತಿ,
ಒಬ್ಬ ಫುಟ್ಬಾಲ್ ಅಭಿಮಾನಿ